ಬಿಸಿಲನ್ನು ಅಳೆಯಲು ಹೆಸರೇಕೆ ಬೇಕು?

ಹವಾಮಾನ ಬದಲಾವಣೆ ಎಂಬುದು ಒಂದು ಕಾಲದಲ್ಲಿ ಧ್ರುವ ಪ್ರದೇಶದ ಹಿಮಗಡ್ಡೆಗೂ ಅದನ್ನು ಅಳೆಯುವ ವಿಜ್ಞಾನಿಗಳಿಗೂ ಸಂಬಂಧಿಸಿದ ಸಂಗತಿಯಾಗಿತ್ತು. ಇಂದು ಅದು ಪಾಲಿಕೆ, ಪುರಸಭೆಗಳ ಕಡತ ಸೇರಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಅಹ್ಮದಾಬಾದ್ ನಗರವು ಅದಕ್ಕಿಂತ ಹತ್ತು ವರ್ಷ ಮೊದಲೇ ಬಿಸಿಗಾಳಿಯನ್ನು ಎದುರಿಸುವ ಯೋಜನೆ ರೂಪಿಸಿತ್ತು. ಯೋಜನೆಗೆ ಮಾಹಿತಿ ಬೇಕು, ಮಾಹಿತಿಗಾಗಿ ಜನರ ಮನೆ ಬಾಗಿಲಿಗೆ ಬರಬೇಕು. ಛಾವಣಿ ತಗಡಿನದೋ ತಾರಸಿಯದೋ? ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ? ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಮನೆಯಲ್ಲಿ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹಾಸಿಗೆ ಹಿಡಿದ ವೃದ್ಧರು ಇದ್ದಾರೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ನಮ್ಮ ತಕರಾರು ಇವುಗಳ ಬಗ್ಗೆ ಅಲ್ಲ, ಇವುಗಳಿಗಿಂತ ಮೇಲೆ ಮುದ್ರಿತವಾಗುವ ಸಾಲುಗಳ ಬಗ್ಗೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ಮೊಬೈಲ್ ನಂಬರು, ಧರ್ಮ ಎಂದು ಆರಂಭವಾಗದ ನಮೂನೆಯೊಂದನ್ನು ಕಲ್ಪಿಸಿಕೊಳ್ಳಲು ಕೂಡ ನಮ್ಮ ಆಡಳಿತಕ್ಕೆ ಸಾಧ್ಯವಿಲ್ಲ!

ಇಂಥ ಸಮೀಕ್ಷೆಗೆ ಬಾಗಿಲು ಮುಚ್ಚಿಬಿಡುವುದೇ ಕ್ಷೇಮ ಎಂದು ಯಾರಾದರೂ ಹೇಳಿದರೆ ಅವರ ಮಾತಿಗೆ ಕಿವಿಗೊಡಬಾರದು. ಬಿಸಿಲಿಗೆ ಜಾತಿ ಧರ್ಮಗಳಿಲ್ಲ ಎಂಬುದು ಭಾಷಣದ ಮಾತು. ಬಿಸಿಲು ಯಾರ ಮನೆಯಲ್ಲಿ ಕೊಲ್ಲುತ್ತದೆ ಎಂಬುದನ್ನು ಆ ಮನೆಯ ಛಾವಣಿ ನಿರ್ಧರಿಸುತ್ತದೆ. ಗಾಳಿಯಾಡದ ಗಲ್ಲಿಗಳಲ್ಲಿ ತಗಡಿನ ಕೆಳಗೆ ಕೂತು ಬೀಡಿ ಕಟ್ಟುವ, ಹೊಲಿಗೆ ಯಂತ್ರ ತುಳಿಯುವ, ಅಗರಬತ್ತಿ ಹೊಸೆಯುವ ಹೆಂಗಸರು, ಬೀದಿಯಲ್ಲಿ ತಳ್ಳುಗಾಡಿ ಹಚ್ಚುವವರು, ಗ್ಯಾರೇಜಿನ ಹುಡುಗರು, ಪೌರಕಾರ್ಮಿಕರು, ಗಾರೆ ಕೆಲಸದವರು, ಇವರ ಬಗ್ಗೆ ಲೆಕ್ಕವೇ ಇಲ್ಲದಿದ್ದರೆ ಪಾಲಿಕೆಯ ಮರಗಳು ಪ್ರತಿಷ್ಠಿತರ ಬಡಾವಣೆಗಳಲ್ಲೇ ನೆಡಲ್ಪಡುತ್ತವೆ. ನೀರಿನ ಟ್ಯಾಂಕರ್ ಅತ್ತಲೇ ಹೋಗುತ್ತದೆ. ಆದ್ದರಿಂದ ಸಂಶೋಧನೆ ನಡೆಯಬೇಕು. ಅದು ನಮ್ಮ ಗಲ್ಲಿಗಳಲ್ಲಿ ಮೊದಲು ನಡೆಯಬೇಕು. ಪ್ರಶ್ನೆ ಇರುವುದು, ಸಂಗ್ರಹಿಸಿದ ಮಾಹಿತಿಯನ್ನು ಸ್ಥಳೀಯಾಡಳಿತವು ಏನು ಮಾಡುತ್ತದೆ ಎಂಬಲ್ಲಿ. ಈ ಪ್ರಶ್ನೆಗೆ ಅಹ್ಮದಾಬಾದ್‌ಗಿಂತ ಉತ್ತಮ ಪಾಠಶಾಲೆ ಇನ್ನೊಂದಿಲ್ಲ.

2010ರ ಮೇ ತಿಂಗಳಲ್ಲಿ ಆ ನಗರದ ಉಷ್ಣಾಂಶವು 46.8 ಡಿಗ್ರಿಗೆ ಏರಿತು. ಆಸ್ಪತ್ರೆಗಳು ತುಂಬಿದವು, ದಫನ ಭೂಮಿ ಮತ್ತು ಚಿತಾಗಾರಗಳು ತುಂಬಿದವು. ಆದರೆ ಎಷ್ಟು ಮಂದಿ ಬಿಸಿಲಿನಿಂದ ಸತ್ತರು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ಮರಣ ಪತ್ರದಲ್ಲಿ ಹೃದಯಾಘಾತ ಎಂದೋ ಮೂತ್ರಪಿಂಡದ ವೈಫಲ್ಯ ಎಂದೋ ಬರೆಯುತ್ತಾರೆಯೇ ಹೊರತು ಬಿಸಿಲು ಎಂದು ಬರೆಯುವುದಿಲ್ಲ. ಸಂಶೋಧಕರು ಒಂದು ಸರಳ ದಾರಿ ಹಿಡಿದರು. ಪಾಲಿಕೆಯ ಜನನ ಮರಣ ನೋಂದಣಿ ಕಚೇರಿಯಿಂದ ದಿನವೊಂದಕ್ಕೆ ಎಷ್ಟು ಸಾವು ಎಂಬ ಅಂಕಿಯನ್ನು ಪಡೆದು ಹಿಂದಿನ ಹಾಗೂ ಮುಂದಿನ ವರ್ಷಗಳ ಅದೇ ಅವಧಿಯೊಂದಿಗೆ ಹೋಲಿಸಿದರು. ಆ ಒಂದೇ ತಿಂಗಳಲ್ಲಿ 4,462 ಸಾವುಗಳಾಗಿದ್ದವು. ಅದರಲ್ಲಿ 1,344 ಸಾವುಗಳು ವಾಡಿಕೆಗಿಂತ ಹೆಚ್ಚಿನವು. ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ವಿದೇಶಿ ಸಂಶೋಧಕರೂ ಪಾಲಿಕೆಯೊಂದಿಗೆ ಸೇರಿ ದುಡಿದ ಫಲವಾಗಿ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ಅಲ್ಲಿ ಜಾರಿಗೆ ಬಂತು. ಬಣ್ಣಗಳ ಮೂಲಕ ಎಚ್ಚರಿಕೆ, ಕುಡಿಯುವ ನೀರಿನ ವ್ಯವಸ್ಥೆ, ವೈದ್ಯರಿಗೂ ದಾದಿಯರಿಗೂ ತರಬೇತಿ. ಶಾರದಾಬೆನ್ ಆಸ್ಪತ್ರೆಯಲ್ಲಿ ಮೇಲಂತಸ್ತಿನಲ್ಲಿದ್ದ ಹೆರಿಗೆ ವಾರ್ಡನ್ನು ಕೆಳಗೆ ತಂದದ್ದರಿಂದಲೇ ಶಾಖಕ್ಕೆ ಬಳಲಿ ತುರ್ತು ಘಟಕ ಸೇರುವ ನವಜಾತ ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಈ ಇಡೀ ಕಥೆಯಲ್ಲಿ ಎಷ್ಟು ಹೆಸರುಗಳು ಬೇಕಾದವು? ಒಂದೂ ಇಲ್ಲ. ಸತ್ತವರು ಹಿಂದೂಗಳೋ ಮುಸ್ಲಿಮರೋ, ಅವರ ಮೊಬೈಲ್ ನಂಬರು ಯಾವುದು ಎಂದು ಯಾರೂ ಕೇಳಲಿಲ್ಲ. ದಿನಾಂಕ ಮತ್ತು ಸಂಖ್ಯೆ, ಅಷ್ಟೇ ಸಾಕಾಯಿತು. ಬಡ ವಸತಿಗಳ 300 ಮನೆಗಳಲ್ಲಿ ಪ್ರತ್ಯೇಕ ಸಮೀಕ್ಷೆಯನ್ನೂ ನಡೆಸಿದರು. ಅದರಿಂದ ಜಗತ್ತಿಗೆ ದಕ್ಕಿದ್ದು ಶೇಕಡಾವಾರು ಲೆಕ್ಕವೇ ಹೊರತು ಯಾರ ಮನೆಯ ವಿಳಾಸವೂ ಅಲ್ಲ. ಹವಾಮಾನ ಸಂಶೋಧನೆಗೆ ಬೇಕಾದದ್ದು ವಾರ್ಡಿನ ಸ್ಥಿತಿಯೇ ಹೊರತು ವಾರ್ಡಿನಲ್ಲಿರುವ ವ್ಯಕ್ತಿಯ ಗುರುತಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಅದೇ ನಗರದ ಇನ್ನೊಂದು ಕಡತವನ್ನು ತೆರೆಯೋಣ. 2002ರ ಫೆಬ್ರವರಿ ಮಾರ್ಚ್‌ನಲ್ಲಿ ಅಹ್ಮದಾಬಾದ್‌ನಲ್ಲಿ ಏನು ನಡೆಯಿತು ಎಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ. ಆದರೆ ಒಂದು ಸಂಗತಿ ಅನೇಕರಿಗೆ ಮರೆತುಹೋಗಿದೆ. ಮಾನವ ಹಕ್ಕು ಸಂಘಟನೆಯಾದ ಹ್ಯೂಮನ್ ರೈಟ್ಸ್ ವಾಚ್ ಅದೇ ವರ್ಷ ಏಪ್ರಿಲ್‌ನಲ್ಲಿ ಹೊರತಂದ ವರದಿಯ ಪ್ರಕಾರ, ದಾಳಿಕೋರರ ಕೈಯಲ್ಲಿ ಮುಸ್ಲಿಮ್ ಕುಟುಂಬಗಳ ಹಾಗೂ ಅವರ ಆಸ್ತಿಗಳ ವಿಳಾಸವಿದ್ದ ಕಂಪ್ಯೂಟರ್ ಪಟ್ಟಿಗಳಿದ್ದವು. ಆ ಮಾಹಿತಿಯ ಮೂಲಗಳಲ್ಲಿ ಅಹ್ಮದಾಬಾದ್ ಮಹಾನಗರ ಪಾಲಿಕೆಯೂ ಒಂದು ಎಂದು ವರದಿ ಹೇಳಿತು. ಆ ಮಾಹಿತಿಯನ್ನು ಮೊದಲು ಕೊಟ್ಟವರು ಯಾರು? ತಮ್ಮ ಮನೆ, ಅಂಗಡಿಗಳ ವಿವರವನ್ನು ಪಾಲಿಕೆಯ ಕಚೇರಿಗೆ ಕೊಟ್ಟ ನಾಗರಿಕರೇ. ಮಾಲಕನ ಹೆಸರು ಹೊರಗೆ ಕಾಣದಂತೆ ಫಲಕ ಹಾಕಿದ್ದ ಹೊಟೇಲುಗಳನ್ನೂ ಗುಂಪುಗಳು ಗುರುತಿಸಿ ಸುಟ್ಟವು. ಫಲಕದಲ್ಲಿ ಇಲ್ಲದ ಹೆಸರು ಕಾಗದದಲ್ಲಿ ಇತ್ತು.

ಪಾಲಿಕೆಯೊಂದು ಮರಣದ ಅಂಕಿ ಕೊಟ್ಟು ಸಾವಿರ ಜೀವಗಳನ್ನು ಉಳಿಸಲು ನೆರವಾಗುತ್ತದೆ. ಅದೇ ಪಾಲಿಕೆಯ ಹೆಸರು, ವಿಳಾಸಗಳ ಪಟ್ಟಿ ಸೋರಿಹೋಗಿ ಜೀವಗಳನ್ನು ತೆಗೆಯಿತೆಂಬ ದೂರೂ ದಾಖಲಾಗಿದೆ. ಅಂಕಿ ಸೋರಿದರೆ ಯಾರೂ ಸಾಯುವುದಿಲ್ಲ. ಹೆಸರು ಸೋರಿದರೆ?

ಇಪ್ಪತ್ತು ವರ್ಷಗಳ ಹಿಂದಿನ ಮಾತು ಎನ್ನುವವರು 2025ಕ್ಕೆ ಬರಲಿ. ಆ ವರ್ಷ ಏಪ್ರಿಲ್ ಕೊನೆಯಲ್ಲಿ ಮತ್ತು ಮೇ ತಿಂಗಳಲ್ಲಿ, ಅಂದರೆ ಬಿಸಿಲು ಅತ್ಯಂತ ಕ್ರೂರವಾಗಿರುವ ದಿನಗಳಲ್ಲಿ, ಅಹ್ಮದಾಬಾದ್‌ನ ಚಂಡೋಲಾ ಕೆರೆಯ ದಂಡೆಯಲ್ಲಿದ್ದ ಸಾವಿರಾರು ಮನೆಗಳು ಬುಲ್ಡೋಜರಿಗೆ ಆಹುತಿಯಾದವು. ಒತ್ತುವರಿ ತೆರವು ಎಂದರು, ನುಸುಳುಕೋರರು ಎಂದರು. ಅಲ್ಲಿದ್ದವರಲ್ಲಿ ಬಹುಪಾಲು ಬಡ ಮುಸ್ಲಿಮರು. ಇದಕ್ಕೆ ಹವಾಮಾನ ಸಮೀಕ್ಷೆಯ ಮಾಹಿತಿಯನ್ನು ಬಳಸಿದರೆಂಬ ಆರೋಪ ನಮ್ಮದಲ್ಲ. ಆದರೆ ಕೆರೆಯಂಗಳದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ, ನದಿ ದಂಡೆಯಲ್ಲಿ ವಾಸಿಸುವ ಕುಟುಂಬದ ಮುಂದೆ ಪಾಲಿಕೆಯ ಮನುಷ್ಯ ಬಂದು 'ನಿಮ್ಮ ಮನೆಗೆ ಮಳೆನೀರು ನುಗ್ಗುತ್ತದೆಯೇ?' ಎಂದು ಕೇಳುವಾಗ ಆ ಮನೆಯಾಕೆ ಏಕೆ ಹಿಂಜರಿಯುತ್ತಾಳೆ ಎಂಬುದನ್ನು ಅಧಿಕಾರಿಗಳು ಅರ್ಥ ಮಾಡಿಕೊಳ್ಳಬೇಕು. ಹೌದು ಎಂದು ಬರೆಸಿದರೆ ಪ್ರವಾಹ ಪೀಡಿತೆ. ಮರುವರ್ಷ ಅದೇ ಕಾಗದ ಬೇರೊಂದು ವಿಭಾಗದ ಮೇಜಿಗೆ ಹೋದರೆ ಒತ್ತುವರಿದಾರಳು! ಸಂಶೋಧನೆಗೆಂದು ಆಡಿದ ಸತ್ಯವೇ ನೋಟೀಸಿನ ಸಾಕ್ಷ್ಯವಾಗುತ್ತದೆ ಎಂದಾದರೆ ಆಕೆ ಸತ್ಯವನ್ನು ಏಕೆ ಹೇಳಬೇಕು? ಆಕೆ ಸುಳ್ಳು ಹೇಳಿದರೆ ಸಂಶೋಧನೆಯೂ ಸುಳ್ಳಾಗುತ್ತದೆ. ಗೋಪ್ಯತೆಯು ಸಂಶೋಧನೆಗೆ ಅಡ್ಡಿ ಎನ್ನುವ ಪಂಡಿತರು ಇದನ್ನು ಯೋಚಿಸಿಲ್ಲ.

ನಮ್ಮ ರಾಜ್ಯದ ಚರಿತ್ರೆಯೂ ಹೆಮ್ಮೆಪಡುವಂಥದ್ದಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯ ಸರಕಾರವು ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ಬಹಿರಂಗಪಡಿಸಿತು. ರೋಗ ಬಂದಿಲ್ಲದವರೂ ಅಕ್ಕಪಕ್ಕದವರ ಕಣ್ಣಿನಲ್ಲಿ ಅಪರಾಧಿಗಳಾದರು. 2022ರ ನವೆಂಬರ್‌ನಲ್ಲಿ ಚಿಲುಮೆ ಸಂಸ್ಥೆಯ ಪ್ರಕರಣ ಬಯಲಿಗೆ ಬಂತು. ಮತದಾರರಲ್ಲಿ ಜಾಗೃತಿ ಮೂಡಿಸಲೆಂದು ಬೆಂಗಳೂರು ಪಾಲಿಕೆಯಿಂದ ಅನುಮತಿ ಪಡೆದಿದ್ದ ಈ ಖಾಸಗಿ ಸಂಸ್ಥೆಯ ಕೆಲಸಗಾರರು ಮತಗಟ್ಟೆ ಅಧಿಕಾರಿಗಳ ಗುರುತು ಚೀಟಿ ತೋರಿಸಿ ಮನೆಮನೆಯಿಂದ ಮತದಾರರ ಖಾಸಗಿ ವಿವರ ಸಂಗ್ರಹಿಸಿದರೆಂಬ ಆರೋಪ ಅದು. ಪೊಲೀಸ್ ಪ್ರಕರಣಗಳು ದಾಖಲಾದವು, ಬಂಧನಗಳಾದವು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರ ಪಟ್ಟಿಗಳ ಮರುಪರಿಶೀಲನೆಗೆ ಆದೇಶಿಸಿತು. ಉಚಿತವಾಗಿ ಸೇವೆ ಮಾಡುತ್ತೇವೆಂದು ಮುಂದೆ ಬಂದ ಸಂಸ್ಥೆಗೆ ಪಾಲಿಕೆಯು ಮನೆಗಳ ಬಾಗಿಲನ್ನೇ ತೆರೆದುಕೊಟ್ಟಿತ್ತು. ಇನ್ನು, ಆ ಪಾಲಿಕೆಯೇ ಈಗ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಹಳೆಯ ಪಾಲಿಕೆಗೆ ನಾಗರಿಕರು ನಂಬಿ ಕೊಟ್ಟ ವಿವರಗಳು ಐವರಲ್ಲಿ ಯಾರ ಪಾಲಿಗೆ ಬಂದವು, ಅಳಿಸಬೇಕಾದದ್ದನ್ನು ಅಳಿಸುವ ಹೊಣೆ ಯಾರದು? ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗ ಕೂಡ ಮನೆಯಲ್ಲಿರುವ ಪರರ ಅಮಾನತ್ತನ್ನು ಮೊದಲು ಎತ್ತಿಡುತ್ತಾರೆ.

ಕಾನೂನು ಇದೆಯಲ್ಲ ಎಂದು ಕೇಳಬಹುದು. ಖಂಡಿತ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಆರು ವರ್ಷಗಳ ಬಳಿಕ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬರಬೇಕಾಯಿತು. ಅದರಲ್ಲೂ ಪಾಲಿಕೆಗಳನ್ನು ಕಟ್ಟಿಹಾಕಬಲ್ಲ ಪ್ರಮುಖ ಕಲಮುಗಳಿಗೆ ಅಲ್ಲಿಂದಾಚೆ 18 ತಿಂಗಳ ಗಡುವು. ಆದರೆ ಮಾಹಿತಿ ಹಕ್ಕು ಕಾಯ್ದೆಯನ್ನು ದುರ್ಬಲಗೊಳಿಸುವ ತಿದ್ದುಪಡಿಗೆ ಮಾತ್ರ ಯಾವ ಗಡುವೂ ಬೇಕಾಗಲಿಲ್ಲ, ಅದು ಕೂಡಲೇ ಜಾರಿಗೆ ಬಂತು. ಪ್ರಜೆಯನ್ನು ಕಾಯುವ ಕಲಮು ಕಾಯಬೇಕು, ಅಧಿಕಾರಿಯನ್ನು ಕಾಯುವ ಕಲಮು ಓಡಬೇಕು. ಇದೆಂಥ ನ್ಯಾಯ?

ಈ ಕಾಯ್ದೆಯ 17ನೇ ಕಲಮನ್ನು ಪ್ರತಿಯೊಬ್ಬ ಪುರಸಭಾ ಸದಸ್ಯರೂ ಓದಬೇಕು. ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆಯೇ ಅನ್ವಯವಾಗದು ಎನ್ನುತ್ತದೆ ಅದು. ಇರುವ ಷರತ್ತು ಎರಡು: ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಬಾರದು ಮತ್ತು ಸರಕಾರ ವಿಧಿಸಿದ ಮಾನದಂಡಗಳನ್ನು ಪಾಲಿಸಬೇಕು. ಷರತ್ತು ಒಳ್ಳೆಯದೇ. ಬ್ರಿಟನ್ನಿನ ಕಾನೂನಿನಲ್ಲೂ ಹೆಚ್ಚುಕಡಿಮೆ ಇದೇ ಷರತ್ತಿದೆ. ವ್ಯತ್ಯಾಸವಿರುವುದು ಉಳಿದ ಏರ್ಪಾಡಿನಲ್ಲಿ. ಅಲ್ಲಿ ಪಾಲಿಕೆಯೊಂದು ಹವಾಮಾನದ ಬಗ್ಗೆ ಜನರನ್ನು ಮಾತನಾಡಿಸಬೇಕಾದರೆ ಯಾವ ಮಾಹಿತಿ, ಯಾವ ಕಾನೂನಿನ ಆಧಾರದಲ್ಲಿ, ಎಷ್ಟು ಕಾಲ, ಯಾರಿಗೆ ಹಂಚುತ್ತೇವೆ, ದೂರನ್ನು ಎಲ್ಲಿ ಕೊಡಬೇಕು ಎಂಬುದನ್ನು ಬರೆದು ಕೊಡಬೇಕು. ಧರ್ಮ, ಜನಾಂಗ, ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ನಮ್ಮ ಕಾಯ್ದೆಯಲ್ಲಿ ಅಂಥ ವಿಶೇಷ ವರ್ಗವೇ ಇಲ್ಲ. ಅದರ ಪ್ರಕಾರ ನಿಮ್ಮ ಧರ್ಮವೂ ನಿಮ್ಮ ಇಮೇಲ್ ವಿಳಾಸವೂ ಒಂದೇ ತೂಕದವು! ಮೇಲಾಗಿ ಇದು ಡಿಜಿಟಲ್ ಮಾಹಿತಿಗೆ ಮಾತ್ರ ಸಂಬಂಧಿಸಿದ್ದು. ಪುರಸಭೆಯ ಬೀರುವಿನಲ್ಲಿ ಬಿದ್ದಿರುವ ಕಾಗದದ ನಮೂನೆಯು ಕಂಪ್ಯೂಟರಿಗೆ ಏರುವವರೆಗೆ ಇದರ ವ್ಯಾಪ್ತಿಗೆ ಬಾರದು.

ಹಾಗಂತ ಬ್ರಿಟನ್ ಸ್ವರ್ಗವೆಂದು ಯಾರೂ ಭಾವಿಸಬೇಕಿಲ್ಲ. 2010ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮುಸ್ಲಿಮ್ ಬಾಹುಳ್ಯದ ಬಡಾವಣೆಗಳಲ್ಲಿ 218 ಕ್ಯಾಮೆರಾಗಳನ್ನು ನೆಟ್ಟರು. ಸಾಮಾನ್ಯ ಅಪರಾಧ ತಡೆಯಲು ಎಂದು ಜನರಿಗೆ ಹೇಳಿದ್ದರು. ಹಣ ಬಂದದ್ದು ಭಯೋತ್ಪಾದನೆ ನಿಗ್ರಹದ ನಿಧಿಯಿಂದ. ಸತ್ಯ ಹೊರಬಿದ್ದಾಗ ಸ್ಥಳೀಯರು ಸುಮ್ಮನಿರಲಿಲ್ಲ. ಸ್ವತಂತ್ರ ಪರಿಶೀಲನೆ ನಡೆಯಿತು, ಮರುವರ್ಷ ಕ್ಯಾಮೆರಾಗಳನ್ನು ಕಿತ್ತರು. ಕಾಗದದ ಕಾನೂನಿಗಿಂತ, ಕೇಳುವ ಜನರಿದ್ದದ್ದು ಅಲ್ಲಿ ಫಲ ಕೊಟ್ಟಿತು.

ಇನ್ನು, 'ಹೆಸರನ್ನು ಅಳಿಸಿಬಿಡುತ್ತೇವೆ, ಚಿಂತೆ ಬೇಡ' ಎಂಬ ಭರವಸೆಯ ವಿಷಯ. ಲತಾನ್ಯಾ ಸ್ವೀನಿ ಎಂಬ ಅಮೆರಿಕನ್ ವಿದುಷಿ 1990ರ ಗಣತಿಯ ಆಧಾರದಲ್ಲಿ ತೋರಿಸಿದ ಪ್ರಕಾರ ಪಿನ್‌ಕೋಡ್, ಜನ್ಮದಿನಾಂಕ, ಲಿಂಗ ಈ ಮೂರೇ ವಿವರಗಳಿಂದ ಅಲ್ಲಿನ ಶೇ. 87ರಷ್ಟು ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸುವ ಸಾಧ್ಯತೆ ಇದೆ. ಅಮೆರಿಕ ದೂರವಾಯಿತು. ನಮ್ಮ ಒಂದು ಸಣ್ಣ ಪಟ್ಟಣದ ವಾರ್ಡನ್ನೇ ತೆಗೆದುಕೊಳ್ಳಿ. ಹೆಸರಿಲ್ಲದ ನಮೂನೆಯಲ್ಲಿ 'ಮಸೀದಿ ರಸ್ತೆ, ತಗಡಿನ ಮನೆ, 62 ವರ್ಷದ ವಿಧವೆ, ಆಸ್ತಮಾ, ಮಗ ಸೌದಿಯಲ್ಲಿ' ಎಂದಿದ್ದರೆ ಸಾಕು. ಆ ಬೀದಿಯ ಪ್ರತಿಯೊಂದು ಮಗುವೂ ಅದು ಯಾರ ಮನೆ ಎಂದು ಹೇಳುತ್ತದೆ. ಆದ್ದರಿಂದ ಹೆಸರು ಅಳಿಸಿದರೆ ಸಾಲದು. ವಯಸ್ಸನ್ನು ಹತ್ತು ವರ್ಷಗಳ ಗುಂಪಾಗಿಸಬೇಕು, ಬೀದಿಯ ಬದಲು ವಾರ್ಡನ್ನು ಬರೆಯಬೇಕು, ಐದಾರು ಮಂದಿಯಷ್ಟೇ ಇರುವ ಗುಂಪಿನ ಲೆಕ್ಕವನ್ನು ಪ್ರಕಟಿಸಬಾರದು. ಇದು ಅಂಕಿಅಂಶ ಶಾಸ್ತ್ರದ ಹಳೆಯ ವಾಡಿಕೆ. ನಮ್ಮ ಪಾಲಿಕೆಗಳಿಗೆ ಕಲಿಸಿದವರಿಲ್ಲ, ಅಥವಾ ಕಲಿಯುವ ಮನಸ್ಸಿಲ್ಲ.

ಕೆಲವು ಸಂದರ್ಭಗಳಲ್ಲಿ ಹೆಸರು ನಿಜವಾಗಿಯೂ ಬೇಕಾಗುತ್ತದೆ. ಒಂದೇ ಮನೆಗೆ ಎರಡು ಬೇಸಿಗೆ ಭೇಟಿ ಕೊಟ್ಟು ಹೋಲಿಸಬೇಕಾದಾಗ, ಬಿಸಿಗಾಳಿಯ ದಿನ ಒಂಟಿ ವೃದ್ಧರಿಗೆ ಫೋನು ಮಾಡಬೇಕಾದಾಗ, ತಗಡಿಗೆ ಬಿಳಿ ಬಣ್ಣ ಬಳಿಯುವ ನೆರವು ಕೊಡಬೇಕಾದಾಗ. ಆಗ ಹೆಸರು ವಿಳಾಸಗಳ ಪುಸ್ತಕವೇ ಬೇರೆ, ಉತ್ತರಗಳ ಪುಸ್ತಕವೇ ಬೇರೆ ಇರಬೇಕು. ಎರಡನ್ನೂ ಜೋಡಿಸುವ ಕ್ರಮಸಂಖ್ಯೆ ಒಬ್ಬ ಹೊಣೆಗಾರ ಅಧಿಕಾರಿಯ ವಶದಲ್ಲಿರಬೇಕು, ಗುತ್ತಿಗೆ ಪಡೆದ ಕಂಪೆನಿಯ ಬಳಿಯಲ್ಲ. ಸಂಶೋಧನೆಯ ನಮೂನೆಯನ್ನೇ ಫಲಾನುಭವಿಗಳ ಅರ್ಜಿಯಾಗಿ ಮಾಡಿದರೆ ಬಡವನ ಒಪ್ಪಿಗೆಗೆ ಅರ್ಥವೇ ಉಳಿಯುವುದಿಲ್ಲ. ಸಹಿ ಹಾಕದಿದ್ದರೆ ಬಣ್ಣ ಸಿಗದು ಎಂದಾಗ ಯಾರು ತಾನೇ ಸಹಿ ಹಾಕುವುದಿಲ್ಲ?

ಧರ್ಮದ ಕಾಲಮು ಬೇಡವೇ ಎಂಬ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಧರ್ಮವಾರು ಲೆಕ್ಕ ಇಲ್ಲದಿದ್ದರೆ 2006ರ ಸಾಚಾರ್ ವರದಿಯೇ ಇರುತ್ತಿರಲಿಲ್ಲ. ನಾವು ಹಿಂದುಳಿದಿದ್ದೇವೆ ಎಂಬುದನ್ನು ಸರಕಾರದ ಅಂಕಿಗಳಿಂದಲೇ ಸಾಚಾರ್ ಸಮಿತಿ ಸಾಬೀತುಪಡಿಸಿತು. ಆದರೆ ಆ ಕೋಷ್ಟಕಗಳಲ್ಲಿ ಯಾರ ಮನೆ ನಂಬರೂ ಇರಲಿಲ್ಲ. ಅವು ಬಹುಮಟ್ಟಿಗೆ ಜನಗಣತಿ ಮತ್ತು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕೋಷ್ಟಕಗಳು. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನಂತೆ ಗಣತಿಯ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ, ಇತರ ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಂತಿಲ್ಲ. ಪಾಲಿಕೆ ತನ್ನಷ್ಟಕ್ಕೆ ನಡೆಸುವ ಹವಾಮಾನ ಸಮೀಕ್ಷೆಗೆ ಆ ಕಾವಲಿಲ್ಲ. ಧರ್ಮದ ಕಾಲಮು ಇರಲಿ. ಅದರ ಪಕ್ಕದಲ್ಲಿ ಮನೆ ನಂಬರು ಬೇಡ.

ಸಮುದಾಯಕ್ಕೂ ಎರಡು ಮಾತು ಹೇಳಬೇಕಾಗಿದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಡಾವಣೆಯೊಂದರಲ್ಲಿ ಕೊರೋನಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು, ಇದು ಪೌರತ್ವದ ಲೆಕ್ಕವೆಂದು ಶಂಕಿಸಿ, ನಮ್ಮವರೇ ಅಡ್ಡಗಟ್ಟಿ ಅವಮಾನಿಸಿದರು. ಅಲ್ಪ ಗೌರವಧನಕ್ಕೆ ದುಡಿಯುವ ಆ ಹೆಣ್ಮಕ್ಕಳು ಪಟ್ಟಿ ಸೋರಿಸಿದವರಲ್ಲ, ಕಾನೂನು ಮಾಡಿದವರೂ ಅಲ್ಲ. ಪ್ರಶ್ನೆ ಕೇಳಬೇಕಾದದ್ದು ಕಚೇರಿಯಲ್ಲಿ ಕೂತವರನ್ನು. ಬಾಗಿಲಲ್ಲಿ ನಿಂತವರ ಮೇಲೆ ಕೈ ಮಾಡುವುದು ಹೇಡಿತನ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಾಳಿಯೂ ನಮ್ಮಲ್ಲಿದೆ. ಕೋಟು ತೊಟ್ಟವರಾರೋ ಬಂದು ಸಮೀಕ್ಷೆ ಎಂದರೆ ಸಾಕು, ಜಮಾಅತಿನ ಸದಸ್ಯರ ದಫ್ತರವನ್ನೇ ಪ್ರತಿ ಮಾಡಿ ಕೊಡುವ ಔದಾರ್ಯ! ಆ ದಫ್ತರ ಅಧ್ಯಕ್ಷರ ಖಾಸಗಿ ಸೊತ್ತಲ್ಲ. ಅದರಲ್ಲಿ ಹೆಸರಿರುವ ಪ್ರತಿ ಮನೆಯ ಅನುಮತಿಯಿಲ್ಲದೆ ಅದನ್ನು ಹೊರಗೆ ಕೊಡುವ ಅಧಿಕಾರ ಯಾವ ಆಡಳಿತ ಸಮಿತಿಗೂ ಇಲ್ಲ.

ನಾವು ಕೇಳುತ್ತಿರುವುದು ಅಸಾಧ್ಯವಾದದ್ದನ್ನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ತಡೆಯಲು ನಿರಾಕರಿಸಿದ ಕರ್ನಾಟಕ ಹೈಕೋರ್ಟು, ಭಾಗವಹಿಸುವಿಕೆ ಕಡ್ಡಾಯವಲ್ಲವೆಂದು ಜನರಿಗೆ ತಿಳಿಸಬೇಕು, ಮಾಹಿತಿಯನ್ನು ಆಯೋಗದ ಹೊರಗೆ ಯಾರಿಗೂ ಕೊಡಕೂಡದು ಎಂದು ಆದೇಶಿಸಿತು. ಕೋಟ್ಯಂತರ ಜನರ ಸಮೀಕ್ಷೆಗೆ ಈ ಷರತ್ತು ವಿಧಿಸಬಹುದಾದರೆ ಮೂವತ್ತು ವಾರ್ಡುಗಳ ಪಟ್ಟಣದ ಬಿಸಿಲಿನ ಸಮೀಕ್ಷೆಗೆ ಏಕೆ ವಿಧಿಸಬಾರದು? ಕೋರ್ಟಿಗೆ ಹೋಗುವ ಅಗತ್ಯವೂ ಇಲ್ಲ. ನಗರಸಭೆಯ ಸಾಮಾನ್ಯ ಸಭೆಯ ಒಂದು ಠರಾವು ಸಾಕು. ಸಮೀಕ್ಷೆ ನಡೆಸುವ ಸಂಸ್ಥೆಯೊಂದಿಗಿನ ಒಡಂಬಡಿಕೆಯನ್ನು ಸಭೆಯ ಮುಂದಿಡಬೇಕು, ಕನ್ನಡ ಮತ್ತು ಉರ್ದುವಿನಲ್ಲಿ ಅಚ್ಚಾದ ಒಂದು ಪುಟದ ವಿವರಣೆಯನ್ನು ಪ್ರತಿ ಮನೆಗೆ ಕೊಡಬೇಕು, ಈ ಮಾಹಿತಿಯು ತೆರಿಗೆ, ಒತ್ತುವರಿ ತೆರವು, ಮತದಾರ ಪಟ್ಟಿ ಹಾಗೂ ಪೊಲೀಸ್ ವಿಭಾಗಗಳಿಗೆ ಹೋಗದೆಂದು ಅದರಲ್ಲಿ ಬರೆದಿರಬೇಕು, ಗುರುತಿನ ವಿವರಗಳನ್ನು ಅಳಿಸುವ ದಿನಾಂಕವನ್ನೂ ನಮೂದಿಸಬೇಕು. ಠರಾವು ಮಂಡಿಸಲು ಒಬ್ಬ ಸದಸ್ಯ, ಅನುಮೋದಿಸಲು ಇನ್ನೊಬ್ಬ. ಮುಸ್ಲಿಮ್ ವಾರ್ಡುಗಳಿಂದ ಗೆದ್ದು ಹೋಗಿ ಐದು ವರ್ಷ ಚರಂಡಿ ಮತ್ತು ಬೀದಿದೀಪಗಳ ಬಗ್ಗೆ ಮಾತ್ರ ಬಾಯಿ ತೆರೆಯುವ ಸದಸ್ಯರು ಮುಂದಿನ ಬೇಸಿಗೆಯ ಸಮೀಕ್ಷೆ ಆರಂಭವಾಗುವ ಮೊದಲು ಆ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಲಿ.